ಏಳು ತಲೆಮಾರಿನ ನೂಲುಮನೆ

ಕೋಲಾರ

ಹೊರದೇಶಕ್ಕೆ ಹೋದವರು ಬುದ್ಧಿ ಕಲಿತು ಬರುತ್ತಾರೆ ಎಂದು ನಮ್ಮ ಕಡೆ ಒಂದು ನಂಬಿಕೆ. ನಾನು ಇದ್ದ ಬುದ್ಧಿಯನ್ನೂ ಕಲಸಿಕೊಂಡು ಬಂದವನು. ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ ಜಪಾನಿಗೆ ಹೋಗಿದ್ದೆ. ಹಡಗು, ಚಳಿ, ಕಡ್ಡಿಯಲ್ಲಿ ಊಟ, ಇವನ್ನೆಲ್ಲ ಹೇಳಿ ಹೇಳಿ ನಮ್ಮ ಬೀದಿಯವರ ಕಿವಿ ತೂತು ಮಾಡಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆತನ. ಮನೆತನ ಎನ್ನುವುದು ದೊಡ್ಡ ಮಾತಾಯಿತು. ತಾತ ಶುರು ಮಾಡಿದ, ಅಪ್ಪ ಬೆಳೆಸಿದ, ಮುಂದೆ ನಾನು ಅಷ್ಟೆ. ಮನೆಯ ಹಿಂದೆ ಉದ್ದನೆಯ ಕೊಟ್ಟಿಗೆ, ಅದರಲ್ಲಿ ಹನ್ನೆರಡು ಒಲೆ, ಒಲೆಗೊಂದು ಚರಕ. ಬಿಸಿನೀರಲ್ಲಿ ರೇಷ್ಮೆಗೂಡು ಹಾಕಿ, ಎಳೆ ಹುಡುಕಿ ಹಿಡಿದು ಚರಕಕ್ಕೆ ಸುತ್ತುವ ಕೆಲಸ. ಕೆಲಸದವರು ಹೆಚ್ಚಿಗೆ ಸಾಬರ ಮನೆಗಳವರು, ತಾತನ ಕಾಲದಿಂದ ಪಳಗಿದ ಕೈಗಳು. ಅಕ್ಕನೂ ಒಂದು ಒಲೆಯ ಮುಂದೆ ಕೂರುತ್ತಿದ್ದಳು.

ಗೂಡು ಕೊಳ್ಳುವುದು ಅಕ್ಕನ ಗಂಡ, ನನ್ನ ಭಾವ ಮುನಿಯಪ್ಪನ ಪಾಲಿನ ಕೆಲಸ. ಶ್ರೀನಿವಾಸಪುರದ ಕಡೆಯವನು, ನಮ್ಮಲ್ಲಿ ಮನೆ ಅಳಿಯನಾಗಿ ಬಂದವನು. ಮುಳಬಾಗಿಲು, ಶ್ರೀನಿವಾಸಪುರ, ವಕ್ಕಲೇರಿ ಎಂದು ಹುಳು ಸಾಕುವ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತುತ್ತಿದ್ದ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಇದು ಎಷ್ಟು ನೂಲು ಬಿಡುತ್ತದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಆದರೂ ಮನೆ ಅಳಿಯ ಮನೆ ಅಳಿಯನೇ ತಾನೆ. ದೂರದಿಂದ ಬರುವ ಭಾವನಾಗಿದ್ದರೆ 'ಬನ್ನಿ ಭಾವ' ಎನ್ನುತ್ತಿದ್ದೆವು, ಮನೆಯಲ್ಲೇ ಇದ್ದವನಿಗೆ 'ಬಾ ಭಾವ'. ಊಟಕ್ಕೆ ಅಪ್ಪ ಮೊದಲು, ಆಮೇಲೆ ನಾನು, ಕೊನೆಗೆ ಅವನು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಬೆಂಗಳೂರಿನ ರೇಷ್ಮೆ ವರ್ತಕರೊಬ್ಬರು ಅಪ್ಪನ ಹತ್ತಿರ ಜಪಾನಿನ ಒಂದು ಮನೆಯ ವಿಷಯ ಹೇಳಿದ್ದರು. ಅವರೂ ನೂಲು ಬಿಚ್ಚುವವರೇ, ಏಳು ತಲೆಮಾರಿನಿಂದ ಅದೇ ಕೆಲಸ, ಅದೇ ಮನೆ. ಅಪ್ಪನಿಗೆ ಆ ಏಳು ತಲೆಮಾರು ತಲೆಯಲ್ಲಿ ಕೂತುಬಿಟ್ಟಿತು. ನಮ್ಮದು ಎರಡಕ್ಕೇ ಏದುಸಿರು ಬಿಡುತ್ತಿತ್ತು, ಮೂರನೆಯವನು ನಾನು ಎಂಥವನೆಂದು ಅವರಿಗೆ ಗೊತ್ತಿತ್ತು. ಗೂಡಿಗಿಂತ ಪತ್ರಿಕೆಯ ಮೇಲೆ ಪ್ರೀತಿ ಹೆಚ್ಚಿದ್ದವನು ನಾನು.

"ಲೇ, ಮಿಷನ್ ನೋಡ್ಕೊಂಡು ಬರಾಕೆ ಬೇಕಾದಷ್ಟು ಜನ ಹೋಗ್ತಾರೆ. ನೀನು ಒಂದೇ ಒಂದು ಕೇಳ್ಕೊಂಡು ಬಾ. ಏಳು ತಲೆಮಾರು ಹೆಂಗೆ ಉಳಿಸ್ಕೊಂಡ್ರು? ನೀನು ಬಂದು ಏನು ಹೇಳ್ತೀಯೋ ಹಂಗೇ ಮಾಡ್ತೀನಿ, ತಾಯಾಣೆ" ಎಂದರು ಅಪ್ಪ. ಆ ಮನೆಗೆ ಮುಂದೆ ಯಜಮಾನನಾಗುವವನಿಗೆ ಕೊಡು ಎಂದು ಒಂದು ಒಳ್ಳೆಯ ಕರಿ ಕಂಬಳಿ ಕಟ್ಟಿಕೊಟ್ಟರು. ಬೌರಿಂಗ್‌ಪೇಟೆಯ ರೈಲಿನವರೆಗೂ ಟ್ರಂಕು ಹೊತ್ತು ಬಂದವನು ಭಾವ.

ಹಡಗು

ಕೊಲಂಬೊದಿಂದ ಹಡಗು. ಮೊದಲ ಐದು ದಿನ ನಾನು ಕಂಡದ್ದು ನನ್ನ ಹೊಟ್ಟೆಯೊಳಗಿನದನ್ನು ಮಾತ್ರ. ಆರನೆಯ ದಿನ ತಲೆ ಎತ್ತಿದೆ, ಆಗ ಬೇರೆ ತೊಂದರೆ ಶುರುವಾಯಿತು. ಯಾವ ಊರು ಎಂದು ಯಾರಾದರೂ ಕೇಳುವರು, ಕೋಲಾರ ಎನ್ನುವೆ, ಕೂಡಲೇ ಅವರ ಕಣ್ಣು ಅಗಲವಾಗುವುದು. ಚಿನ್ನದ ಗಣಿಯ ಹೆಸರು ನಮಗಿಂತ ಮುಂಚೆ ಸಮುದ್ರ ದಾಟಿತ್ತು. ಪಿನಾಂಗಿನ ಒಬ್ಬ ಚೆಟ್ಟಿಯಾರರಂತೂ ನನ್ನ ಟ್ರಂಕಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂರಲು ಶುರು ಮಾಡಿದರು. ತೆಗೆದು ತೋರಿಸಿದೆ. ಒಳಗಿದ್ದದ್ದು ಹತ್ತು ಸೇರು ರಾಗಿಹಿಟ್ಟು. ಚೆಟ್ಟಿಯಾರರು ಅದರೊಳಗೂ ಕೈ ಇಳಿಸಿ ಒಮ್ಮೆ ತಡಕಿ ನೋಡಿದರು.

ಕೋಬೆ

ರೇವಿಗೆ ನನ್ನನ್ನು ಕರೆದೊಯ್ಯಲು ಬಂದವನು ಸುಬ್ಬರಾಮಯ್ಯ. ನೆಲ್ಲೂರಿನವನು, ಕೋಬೆಯಲ್ಲಿ ರೇಷ್ಮೆ ಕೊಂಡು ಕಳಿಸುವ ನಮ್ಮ ದೇಶದವರ ಒಂದು ಕಚೇರಿಯಲ್ಲಿ ಗುಮಾಸ್ತ. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಕೋಟು ಟೋಪಿ ಹಾಕಿದ್ದ ಆ ಮನುಷ್ಯ "ಏಮಯ್ಯಾ, ಬಾಗುನ್ನಾವಾ?" ಎಂದು ಕ್ಷೇಮ ಕೇಳಿ ಕೂಗಿದಾಗ ಶ್ರೀನಿವಾಸಪುರದ ಸಂತೆಯಲ್ಲಿ ಇಳಿದಷ್ಟು ಸಮಾಧಾನವಾಯಿತು.

ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಅವನಿಗೆ ಬರುತ್ತಿದ್ದ ಜಪಾನಿ ಭಾಷೆ ರೇಷ್ಮೆ ಚೌಕಾಸಿಗೆ ಸಾಕಾಗುವಷ್ಟು. ಸಂಸಾರದ ಮಾತು ಬಂದರೆ ತಲೆ ಕೆರೆದುಕೊಳ್ಳುತ್ತಿದ್ದ. ಅವನ ಜೊತೆ ರೈಲು ಹತ್ತಿ, ಬೆಟ್ಟಗಳ ನಡುವಿನ ಒಂದು ಸಣ್ಣ ಊರಿಗೆ ಹೋಗಿ ಇಳಿದೆ.

ಆ ಮನೆ, ಮೊದಲ ಸಂಜೆ

ಮರದ ಮನೆ. ಸೂರಿನಡಿ ಸಿಪ್ಪೆ ತೆಗೆದ ಯಾವುದೋ ಕಿತ್ತಳೆ ಬಣ್ಣದ ಹಣ್ಣುಗಳನ್ನು ದಾರಕ್ಕೆ ಪೋಣಿಸಿ ಒಣಹಾಕಿದ್ದರು. ಬಾಗಿಲಲ್ಲಿ ಮನೆಯವರೆಲ್ಲ ಸಾಲಾಗಿ ಬಗ್ಗಿದರು. ನಾನೂ ಬಗ್ಗಿದೆ. ನಾನು ನೆಟ್ಟಗಾದಾಗ ಅವರಿನ್ನೂ ಬಗ್ಗಿದ್ದರು, ಮತ್ತೆ ಬಗ್ಗಿದೆ. ಹೀಗೆ ನಾಲ್ಕು ಸಲವಾಯಿತು.

ನರೆತ ತಲೆಯ ಮುದುಕರು ಯಜಮಾನರು ಎಂಬುದು ಗೊತ್ತಾಯಿತು. ಅವರ ಪಕ್ಕದಲ್ಲಿ ಒಳ್ಳೆಯ ಬಟ್ಟೆ ಹಾಕಿದ ಮೂವತ್ತರ ಒಬ್ಬ ಗಂಡಸು, ಆ ಮುದುಕರದೇ ಮೂಗು, ಅವರದೇ ಗಲ್ಲ. ಮಗನಲ್ಲದೆ ಇನ್ನಾರು? ಕಂಬಳಿ ತೆಗೆದು ಅವನ ಕೈಗೆ ಕೊಟ್ಟೆ. ಹೆಸರು ಇಚಿರೊ. ಅವನ ಮುಖ ಕೆಂಪಾಯಿತು. ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಟ್ರಂಕು ಹೊತ್ತು ತಂದ ನಿಲುವಂಗಿಯ ಆಳಿಗೆ ತಲೆಬಾಗಿ ಒಪ್ಪಿಸಿದ. ಒಳಗಿಡಲು ಕೊಟ್ಟ ಎಂದುಕೊಂಡೆ.

ಆಮೇಲೆ ಸ್ನಾನ. ಅತಿಥಿ ಮೊದಲು ಎಂದು ಸನ್ನೆ ಮಾಡಿದರು. ಬಚ್ಚಲಲ್ಲಿ ಎದೆಯುದ್ದದ ಮರದ ತೊಟ್ಟಿ, ಅದರ ತುಂಬ ಹಬೆಯಾಡುವ ನೀರು. ನಮ್ಮ ಹಂಡೆಯ ಅಣ್ಣನಿರಬೇಕು ಎಂದುಕೊಂಡು ಸಂತೋಷದಿಂದ ಕೂತು, ಸಿಕ್ಕಿದ ಪುಟ್ಟ ಬಕೆಟ್ಟಿನಲ್ಲಿ ಮೊಗೆದು ಮೊಗೆದು ಸುರಿದುಕೊಂಡೆ. ಮೂರು ವಾರದ ಹಡಗಿನ ಕೊಳೆ. ಹಂಡೆಯಲ್ಲಿ ನೀರು ಉಳಿಸಿ ಏಳುವುದು ನಮ್ಮ ಕಡೆ ಎಣ್ಣೆಸ್ನಾನದ ಮರ್ಯಾದೆಯಲ್ಲ. ತಳ ಕಾಣುವವರೆಗೂ ಸುರಿದುಕೊಂಡು ಹೊರಬಂದೆ. ಬಾಗಿಲಲ್ಲಿ ಮನೆಯವರೆಲ್ಲ ಟವಲು ಹಿಡಿದು ವಯಸ್ಸಿನ ಪ್ರಕಾರ ಸಾಲಾಗಿ ನಿಂತಿದ್ದರು. ಆ ಒಂದೇ ತೊಟ್ಟಿಯ ನೀರಲ್ಲಿ ಒಬ್ಬರಾದ ಮೇಲೊಬ್ಬರು ಇಳಿದು ಕೂರುವುದು ಅವರ ಪದ್ಧತಿ. ಆ ನಿಲುವಂಗಿಯ ಆಳು ಬಕೆಟ್ಟು ತೆಗೆದುಕೊಂಡು ಬಾವಿಗೆ ಹೋದ. ನಾಚಿಕೆಯಿಂದ ನಾನು ನೆಲ ನೋಡುತ್ತ ಕೂತೆ.

ಊಟಕ್ಕೆ ಕೂತಾಗ ಎಲ್ಲ ತಲೆಕೆಳಗಾಯಿತು. ಮುದುಕರ ಪಕ್ಕದ ಜಾಗಕ್ಕೆ ಬಂದು ಕೂತವನು ಆ ಆಳು. ಅವನಿಗಿಂತ ಕೆಳಗೆ ಇಚಿರೊ. ಆಳಿನ ಹಿಂದೆ ಒಬ್ಬಾಕೆ ಬಡಿಸುತ್ತಿದ್ದಳು, ಇಬ್ಬರು ಮಕ್ಕಳು ಅವನ ತೊಡೆಯ ಮೇಲೆ ಹತ್ತುತ್ತಿದ್ದರು.

"ಅಯ್ಯಾ, ಅವನು ಯಾರು ಕೇಳು" ಎಂದೆ.

ಸುಬ್ಬರಾಮಯ್ಯ ಕೇಳಿ ಹೇಳಿದ. "ಕೆಂಜಿ ಅಂತ. ಈ ಮನೆ ಮಗನಂತೆ."

"ಬಡಿಸ್ತಿರೋಳು?"

"ಹಾರು. ಅವನ ಹೆಂಡತಿ."

"ಸೊಸೆ ಅನ್ನು."

ಮತ್ತೆ ಕೇಳಿದ. ಮುದುಕರು ತಲೆಯಾಡಿಸಿದರು. "ಸೊಸೆ ಅಲ್ಲವಂತೆ. ಮಗಳಂತೆ."

"ಯಾರ ಮಗಳು?"

"ಇವರದೇ. ಸ್ವಂತ ಮಗಳು."

ನಾನು ಕಡ್ಡಿ ಕೆಳಗಿಟ್ಟೆ. "ಹಾಗಾದ್ರೆ ಅವನು ಅಳಿಯ ಇರಬೇಕು, ಸರಿಯಾಗಿ ಕೇಳಯ್ಯಾ."

ಸರಿಯಾಗಿ ಕೇಳಿದ. ಮುದುಕರು ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಅಳಿಯ ಅಲ್ಲ, ಮಗ. ಕಾಗದಪತ್ರದಲ್ಲೂ ಮಗ. ನಮ್ಮಲ್ಲಿ 'ಅಳಿಯ ಅಲ್ಲ ಮಗಳ ಗಂಡ' ಎಂದು ಗೇಲಿ ಮಾಡುತ್ತೇವೆ. ಇಲ್ಲಿ ಮಗಳ ಗಂಡನಂತೆ, ಆದರೆ ಅಳಿಯನಲ್ಲವಂತೆ.

"ಇಕ್ಕಡ ಅಂತೇ ಲೇವಯ್ಯಾ, ಇಲ್ಲಿ ಹಿಂಗೇ, ಊಟ ಮಾಡು" ಎಂದ ಸುಬ್ಬರಾಮಯ್ಯ. ಮರುದಿನ ಬೆಳಗ್ಗೆ ಅವನು ಕೋಬೆಗೆ ಹೊರಟುಹೋದ.

ಎರಡರಿಂದ ಏಳನೆಯ ದಿನದವರೆಗೆ

ಇನ್ನು ಆರು ದಿನ ನನಗೆ ಸನ್ನೆಯೇ ಗತಿ. ಅಣ್ಣ ತಂಗಿ ಮದುವೆಯಾಗಿ ಎರಡು ಮಕ್ಕಳಿರುವ ಮನೆಯಲ್ಲಿ ಅನ್ನ ತಿನ್ನುವುದು ಹೇಗೆ? ಟ್ರಂಕಿನಿಂದ ರಾಗಿಹಿಟ್ಟು ತೆಗೆದು ಒಲೆಯ ಕೆಂಡದ ಮೇಲೆ ನಾನೇ ಗಂಟುಗಂಟಾಗಿ ಮುದ್ದೆ ತೊಳಸಿಕೊಂಡೆ. ಮನೆಯೊಡತಿ ಅದನ್ನು ಔಷಧಿ ಎಂದು ತಿಳಿದು, ನನಗೆ ಕಾಯಿಲೆ ಎಂದು ಮರುಕಪಟ್ಟು ಎರಡು ರಗ್ಗು ಹೆಚ್ಚಿಗೆ ಹೊದಿಸಿದಳು.

ಅದಕ್ಕಿಂತ ದೊಡ್ಡ ಚಿಂತೆ ಅಪ್ಪನದು. ಏಳು ತಲೆಮಾರು ಹೆಂಗೆ ಉಳಿಸಿಕೊಂಡರು ಎಂದರೆ ಏನು ಹೇಳಲಿ? ಆಸ್ತಿ ಹೊರಗೆ ಹೋಗಬಾರದೆಂದು ಇವರು ಹೀಗೆ ಮಾಡಿರಬೇಕು ಎಂದು ನಾನೇ ಒಂದು ತೀರ್ಮಾನಕ್ಕೆ ಬಂದೆ. ತಾಯಾಣೆ, ಹಂಗೇ ಮಾಡ್ತೀನಿ ಎಂದಿದ್ದರಲ್ಲ ಅಪ್ಪ! ಅಕ್ಕನ ಮುಖ ನೆನಪಾಗಿ ರಗ್ಗನ್ನು ತಲೆಯ ಮೇಲೆ ಎಳೆದುಕೊಂಡೆ.

ಹಗಲು ನೂಲಿನ ಶೆಡ್ಡಿನಲ್ಲಿ ಕೂರುತ್ತಿದ್ದೆ. ಒಲೆಗಳಿಲ್ಲ, ಕೊಳವೆಯಲ್ಲಿ ಹಬೆ ಬಂದು ನೀರು ಕಾಯುತ್ತಿತ್ತು. ಹೊಗೆಯಿಲ್ಲದ್ದರಿಂದ ಕೆಲಸದ ಹೆಣ್ಣುಮಕ್ಕಳ ಕಣ್ಣು ಕೆಂಪಾಗಿರಲಿಲ್ಲ. ಕೆಂಜಿ ಒಂದು ದಿನ ಹಳ್ಳಿಯವರು ತಂದ ಗೂಡಿನ ಬುಟ್ಟಿಯ ಮುಂದೆ ಕೂತ. ಒಂದು ಗೂಡು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿ ಕೇಳಿದ. ಅದೇ ಕತ್ತಿನ ಓರೆ, ಅದೇ ಹುಬ್ಬಿನ ಗಂಟು, ಮುನಿಯಪ್ಪ ಭಾವನೇ ಬಂದು ಕೂತ ಹಾಗಿತ್ತು.

ಹಾರು ಶೆಡ್ಡಿನ ಉದ್ದಕ್ಕೂ ಓಡಾಡುತ್ತ, ದಪ್ಪವಾದ ಎಳೆ ಕಂಡರೆ ಪಟಕ್ಕನೆ ಹರಿದು ಮತ್ತೆ ಎಳೆಸುತ್ತಿದ್ದಳು. ಕೆಂಜಿ ಕೊಂಡ ಗೂಡು ಚೆನ್ನಾಗಿಲ್ಲದಿದ್ದರೆ ಅವನಿಗೂ ಎಲ್ಲರೆದುರು ಬೈಗುಳವೇ. ಅವನು ಬಗ್ಗಿ ಬಗ್ಗಿ ಹೂಂ ಎನ್ನುತ್ತಿದ್ದ. ಇಚಿರೊ ಮಾತ್ರ ಬೆಳಗ್ಗೆ ಬಂದು ಕೆಂಜಿಗೆ ನಮಸ್ಕಾರ ಹಾಕಿ, ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಸೈಕಲ್ ಹತ್ತಿ ಹೋಗುವನು. ಊರಲ್ಲಿ ಅವನದೊಂದು ಫೋಟೋ ಅಂಗಡಿ ಇತ್ತು. ನನ್ನ ಜೊತೆ ಬಹಳ ಬೇಗ ಸ್ನೇಹವಾದವನು ಅವನೇ. ಯಾಕೆಂದು ಆಗ ಹೊಳೆಯಲಿಲ್ಲ.

ಎಂಟನೆಯ ದಿನ

ಸುಬ್ಬರಾಮಯ್ಯ ವಾಪಸು ಬಂದ. ಈ ಸಲ ಕಚೇರಿಯಲ್ಲಿ ಯಾರನ್ನೋ ಕೇಳಿ ನೆಂಟಸ್ತಿಕೆಯ ಮಾತುಗಳನ್ನು ಬರೆದುಕೊಂಡೇ ಬಂದಿದ್ದ. ಅವನನ್ನು ಪಕ್ಕಕ್ಕೆ ಎಳೆದು ನನ್ನ ಸಂಕಟ ಹೇಳಿದೆ. ಅವನು ಮುದುಕರಿಗೆ ಅದನ್ನು ಹೇಗೆ ಹೇಳಿದನೋ, ಅವರು ಮಂಡಿ ಬಡಿದು ನಕ್ಕರು. ಮನೆಯೊಡತಿ ಅಂಗಿಯ ತೋಳನ್ನು ಸೆರಗಿನಂತೆ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಲ್ಲಕ್ಕಿಂತ ಜೋರಾಗಿ ನಕ್ಕವಳು ಹಾರು.

ಒಳಗಿನಿಂದ ಒಂದು ಉದ್ದನೆಯ ಕಾಗದದ ಸುರುಳಿ ತಂದು ಹಾಸಿದರು. ಮನೆಯ ವಂಶಾವಳಿ. ಏಳು ಹೆಸರು. ಅದರಲ್ಲಿ ನಾಲ್ಕರ ಪಕ್ಕ ಕೆಂಪು ಗುರುತು. ಕೆಂಪು ಗುರುತಿನವರೆಲ್ಲ ಹೊರಗಿನಿಂದ ಬಂದವರು. ಮನೆಯಲ್ಲಿ ಕೆಲಸಕ್ಕಿದ್ದವರಲ್ಲಿ ಯಾರಿಗೆ ನೂಲು ಗೊತ್ತೋ ಅವರನ್ನು ಮಗಳಿಗೆ ಮದುವೆ ಮಾಡಿ, ಅದೇ ದಿನ ಮಗನನ್ನಾಗಿ ದತ್ತು ತೆಗೆದುಕೊಂಡು, ಮನೆಯ ಹೆಸರು ಕೊಟ್ಟು ಯಜಮಾನಿಕೆಗೆ ಕೂರಿಸುವುದು. ಗಂಡುಮಗ ಇದ್ದರೂ ಅಷ್ಟೆ.

"ಹುಟ್ಟಿದ ಮಗ ಹೇಗಿದ್ದರೂ ಇಟ್ಟುಕೊಳ್ಳಬೇಕು, ವಾಪಸು ಕಳಿಸೋಕಾಗಲ್ಲವಂತೆ. ಮಗಳ ಗಂಡನ್ನಾದರೆ ಹುಡುಕಿ ತರಬಹುದಂತೆ" ಎಂದು ಸುಬ್ಬರಾಮಯ್ಯ ತಿಳಿಸಿದ. "ಮೂರು ಜನ ಕೆಲಸಗಾರರ ಹೆಸರು ಹೇಳಿ, ಇದರಲ್ಲಿ ಯಾರು ಅಂತ ಹಾರೂನೇ ಕೇಳಿದರಂತೆ. ಕೆಂಜಿ ಅಂದಳಂತೆ."

ಮುದುಕರು ಸುರುಳಿಯ ಕೊನೆಯಿಂದ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು ತಮ್ಮ ಎದೆ ಮುಟ್ಟಿಕೊಂಡರು. ಆ ಹೆಸರಿನ ಪಕ್ಕವೂ ಕೆಂಪು ಗುರುತಿತ್ತು. ಅವರೂ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆಂದು ಬಂದವರೇ.

ನನಗೆ ನಗು ಬರಲಿಲ್ಲ. ಇಚಿರೊ ಅಲ್ಲೇ ಕೂತು ಕಿತ್ತಳೆ ಬಣ್ಣದ ಒಣಹಣ್ಣು ತಿನ್ನುತ್ತಿದ್ದ. "ಬೇಜಾರಾಗಲಿಲ್ವಾ ಕೇಳು" ಎಂದೆ.

"ಮೊದಲನೇ ವರ್ಷ ಆಯ್ತಂತೆ."

"ಆಮೇಲೆ?"

"ಎರಡನೇ ವರ್ಷಾನೂ ಆಯ್ತಂತೆ."

"ಈಗ?"

ಇಚಿರೊ ಹಣ್ಣು ನುಂಗಿ ಕೆಂಜಿಯ ಕಡೆ ನೋಡಿ ಏನೋ ಹೇಳಿದ. "ಕೆಂಜಿ ದಿನಾ ಬೆಳಗ್ಗೆ ಊಟ ಆಯ್ತಾ ಅಂತ ಕೇಳ್ತಾನಂತೆ. ಹಂಗೆ ಕೇಳೋನ ಮೇಲೆ ಎಷ್ಟು ದಿನ ಕೋಪ ಇಟ್ಟುಕೊಳ್ಳೋದು ಅಂತಾನೆ."

ಆಮೇಲೆ ಮುದುಕರು, ನಿಮ್ಮ ಮನೆಯಲ್ಲಿ ಹೇಗೆ ಎಂದು ವಿಚಾರಿಸಿದರು. ಹೇಳಲು ಹೊರಟೆ. ಮಾತಿನ ನಡುವೆ, ನಮ್ಮ ಅಮ್ಮ ಅಪ್ಪನಿಗೆ ಸ್ವಂತ ಅಕ್ಕನ ಮಗಳು ಎಂಬುದೂ ಬಂತು. ಸುಬ್ಬರಾಮಯ್ಯ ತನ್ನ ಚೀಟಿ ನೋಡಿ ನೋಡಿ ಅದನ್ನು ಹೇಳಿ ಮುಗಿಸಿದ. ಮನೆಯೊಡತಿ ಚಹಾದ ಬಟ್ಟಲು ಕೆಳಗಿಟ್ಟಳು. ಕೆಂಜಿ ಸೂರು ನೋಡಿದ. ನಾನು ಆರು ದಿನ ಅನುಭವಿಸಿದ್ದನ್ನು ಅವರು ಒಂದೇ ಗಳಿಗೆಯಲ್ಲಿ ಅನುಭವಿಸಿದರು. ಅಕ್ಕನ ಮಗಳೆಂದರೆ ಹಕ್ಕಿನ ಹೆಣ್ಣು ಎಂದು ನಾನೆಷ್ಟು ವಿವರಿಸಿದರೂ ಆ ಮುಖಗಳು ಸಡಿಲವಾಗಲಿಲ್ಲ. ಆ ದಿನ ಊಟದಲ್ಲಿ ಹಾರು ನನಗೆ ಸ್ವಲ್ಪ ದೂರದಿಂದಲೇ ಬಡಿಸಿದಳು.

ಮತ್ತೆ ಕೋಲಾರ

ಬರುವ ದಾರಿಯೆಲ್ಲ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹೇಳಬೇಕೆ, ಬೇಡವೆ? ಹೇಳಿದರೆ ಅಪ್ಪ ಮಾಡಿಯೇ ಬಿಡುವ ಮನುಷ್ಯ. ಕೊಟ್ಟಿಗೆ ಭಾವನದಾಗುತ್ತದೆ, ಮನೆ ಉಳಿಯುತ್ತದೆ. ಆಗ ನಾನು ಯಾರು? ಫೋಟೋ ಅಂಗಡಿ ಇಡಲು ನನಗೆ ಕ್ಯಾಮರಾ ಹಿಡಿಯುವುದೂ ಗೊತ್ತಿಲ್ಲ. ಬೇಡ, ಅದು ಅವರ ದೇಶದ ಪದ್ಧತಿ ಎನ್ನುವೆ. ಮರುಕ್ಷಣ ಗೂಡು ಅಲ್ಲಾಡಿಸುವ ಆ ಕೈ ಕಣ್ಣಮುಂದೆ ಬರುವುದು. ಸಮುದ್ರ ಮುಗಿದರೂ ನನ್ನ ಲೆಕ್ಕ ಮುಗಿಯಲಿಲ್ಲ.

ಮನೆ ಸೇರಿದ ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಕೂರಿಸಿಕೊಂಡರು. ಭಾವ ಕಂಬಕ್ಕೆ ಒರಗಿ ನಿಂತಿದ್ದ. ಹಬೆಯ ಕೊಳವೆ ಹೇಳಿದೆ. ಸ್ನಾನದ ತೊಟ್ಟಿ ಹೇಳಿದೆ, ಭಾವ ಬಿದ್ದು ಬಿದ್ದು ನಕ್ಕ. ಅಪ್ಪ ನಗಲಿಲ್ಲ.

"ಅದಿರ್ಲಿ ಕಣ್ಲಾ. ಏಳು ತಲೆಮಾರು ಹೆಂಗೆ ಉಳಿಸ್ಕೊಂಡ್ರು?"

ಭಾವನ ಕಡೆ ನೋಡಿದೆ. ಅವನು ಕುತೂಹಲದಿಂದ ಮುಂದಕ್ಕೆ ಬಗ್ಗಿದ್ದ.

"ಅವರ ಭಾಷೆ ನಂಗೆ ಅರ್ಥ ಆಗ್ಲಿಲ್ಲಪ್ಪ" ಎಂದೆ.

ಅಪ್ಪ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ "ಹೋಗ್ಲಿ ಬಿಡು" ಎಂದು ಕೊಟ್ಟಿಗೆಯ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ. ಅಷ್ಟು ನಾಚಿಕೆ ಜಪಾನಿನ ಬಚ್ಚಲಲ್ಲೂ ಆಗಿರಲಿಲ್ಲ.

ಮಾಲೂರು

ಮರುವರ್ಷ ಭಾವ ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಮಾಲೂರಿಗೆ ಹೋಗಿ, ರೈಲು ನಿಲ್ದಾಣದ ಹತ್ತಿರ ನಾಲ್ಕು ಒಲೆ ಹಾಕಿಕೊಂಡ. ಜಗಳವೇನೂ ಆಗಲಿಲ್ಲ. ಯುದ್ಧ ಬಂತು, ಪ್ಯಾರಾಚೂಟಿಗೆಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ ಬಂತು. ಅವನ ನಾಲ್ಕು ಒಲೆ ಮೂವತ್ತಾಯಿತು. ಗೂಡಿನ ಮಾತು ಕೇಳುವವರಿಲ್ಲದೆ ನಾನು ಕೊಂಡದ್ದೆಲ್ಲ ಪೊಳ್ಳಾಗಿ, ಸಾಬರ ಮನೆಗಳವರು ಒಬ್ಬೊಬ್ಬರಾಗಿ ಮಾಲೂರಿನ ದಾರಿ ಹಿಡಿದರು. ಅಪ್ಪ ತೀರಿಕೊಂಡ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಉರಿಯುತ್ತಿದ್ದದ್ದು ಎರಡು ಒಲೆ.

ಹೋದ ತಿಂಗಳು ಮಾಲೂರಿಗೆ ಹೋಗಿ ಭಾವನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಸುರುಳಿ, ಕೆಂಪು ಗುರುತು, ನಾನು ಹೇಳಿದ ಸುಳ್ಳು. ಅಕ್ಕ ಅಲ್ಲೇ ಚರಕದ ಮುಂದೆ ಕೂತಿದ್ದಳು.

ಭಾವ ನಕ್ಕ. "ನಾನು ಒಪ್ತಿರ್ಲಿಲ್ಲ ಕಣೋ. ನಮ್ಮಪ್ಪನ್ನ ಬಿಟ್ಟು ನಿಮ್ಮಪ್ಪನ ಮಗ ಅನ್ನಿಸ್ಕೊಳ್ಳೋದಾ? ಆಗೋ ಮಾತಾ? ನೀನು ಹೇಳಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಮನಸ್ಸಿಗೆ ಹಚ್ಕೋಬೇಡ."

ಇಷ್ಟು ವರ್ಷದ ಭಾರ ಇಳಿದ ಹಾಗಾಯಿತು. ಹೇಳಿದ್ದರೂ ಏನೂ ಆಗುತ್ತಿರಲಿಲ್ಲವಲ್ಲ ಎಂದು ಎದ್ದು ಹೊರಡಲು ನೋಡಿದೆ.

"ಆ ಮನೇಲಿ ಆ ಹುಡುಗೀನೇ ಕೇಳಿದ್ರು ಅಂದ್ಯಲ್ಲ" ಎಂದಳು ಅಕ್ಕ. ಚರಕ ನಿಂತಿತ್ತು. "ನನ್ನ ಯಾರು ಕೇಳಿದ್ರು? ಈಗ್ಲೂ ನೀವಿಬ್ರೇ ಮಾತಾಡ್ಕೊಂಡು ಮುಗಿಸ್ತಿದ್ದೀರ. ಏಳು ವರ್ಷದೋಳಿದ್ದಾಗಿಂದ ಆ ಕೊಟ್ಟಿಗೇಲಿ ಎಳೆ ಹಿಡ್ದಿದ್ದೀನಿ ಕಣೋ. ನನ್ನ ಮನೆ ಅದು. ಮಾಲೂರಿಗೆ ಬರೋ ದಿನ ಒಬ್ರಿಗೂ ಕಾಣ್ದಂಗೆ ಒಲೆ ಒಲೆ ಮುಟ್ಟಿ ಅತ್ತಿದ್ದೀನಿ. ನೀನು ಒಂದು ಮಾತು ಹೇಳಿದ್ರೆ ನಾನು ಅಲ್ಲೇ ಇರ್ತಿದ್ದೆ. ಇವ್ರನ್ನ ಒಪ್ಸೋದು ನಂಗೆ ಬಿಟ್ಟಿದ್ದು."

ನಾನು ಭಾವನ ಮುಖ ನೋಡಿದೆ. ಅವನು ಅಕ್ಕನನ್ನೇ ನೋಡುತ್ತಿದ್ದ. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ, ಆ ಮಾತನ್ನು ಅವನೂ ಅಂದೇ ಮೊದಲ ಸಲ ಕೇಳುತ್ತಿದ್ದದ್ದು.